ಹೆಸರಿನ ಕಾಲಂನಲ್ಲೇ ನಿಂತುಹೋದವರು

ನಾನು ನೋಡಿಕೊಳ್ಳುತ್ತಿದ್ದ ಒಂದು ಕನ್ನಡ ನೋಂದಣಿ ಫಾರ್ಮ್‌ನಲ್ಲಿ ಪುಟ ತೆರೆದವರ ಲೆಕ್ಕಕ್ಕೂ ಅರ್ಜಿ ಕಳಿಸಿದವರ ಲೆಕ್ಕಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಕಾರಣವೂ ಕಾಣುತ್ತಿರಲಿಲ್ಲ. ಪುಟದಲ್ಲಿ ಏನಾಗುತ್ತಿದೆ ಎಂದು ಲೆಕ್ಕ ಇಡುವ ನನ್ನ ಟ್ರ್ಯಾಕಿಂಗ್ ಕೋಡ್ ಸಬ್ಮಿಟ್ ಈವೆಂಟ್‌ಗಾಗಿ, ಅಂದರೆ ಫಾರ್ಮ್ ಹೊರಟಿತು ಎಂಬ ಬ್ರೌಸರ್‌ನ ಸೂಚನೆಗಾಗಿ, ಕಾಯುತ್ತಿತ್ತು. ಒಂದು ಕಾಲಂ ತಪ್ಪಿದ್ದರೂ ಬ್ರೌಸರ್ ಆ ಈವೆಂಟನ್ನು ಹೊರಡಿಸುವುದೇ ಇಲ್ಲ. ಬಟನ್ ಒತ್ತಿ ಸೋತವರು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಹಾಗಾಗಿ ತಪ್ಪಿರುವ ಕಾಲಂನಲ್ಲಿ ಬ್ರೌಸರ್ ಹೊರಡಿಸುವ ‘ಇನ್‌ವ್ಯಾಲಿಡ್’ ಈವೆಂಟ್ ಹಿಡಿಯಲು ಹೊರಟೆ. ಅದು ಬಬಲ್ ಆಗುವುದಿಲ್ಲ, ಕಾಲಂನಿಂದ ಮೇಲಿನ ಫಾರ್ಮ್‌ವರೆಗೆ ಏರಿ ಬರುವುದಿಲ್ಲ. ಈವೆಂಟ್‌ಗೆ ಕಿವಿಗೊಡುವ ಕೋಡ್‌ನಲ್ಲಿ, ಅಂದರೆ ಲಿಸನರ್‌ನಲ್ಲಿ, ಈವೆಂಟ್ ಮೇಲಿನಿಂದ ಕಾಲಂನತ್ತ ಇಳಿಯುವಾಗಲೇ ಹಿಡಿಯುವ ಕ್ಯಾಪ್ಚರ್ ಆನ್ ಮಾಡಿದ ಮೇಲೆ ಸಿಕ್ಕಿತು. ಯಾವ ಕಾಲಂ, ಯಾವ ಬಗೆಯ ತಪ್ಪು, ಇಷ್ಟನ್ನೇ ದಾಖಲಿಸಿದೆ. ಅವರು ಏನು ಬರೆದಿದ್ದರು ಎಂಬುದನ್ನು ಮುಟ್ಟಲಿಲ್ಲ. ಫಾರ್ಮ್ ಕಳಿಸಿಯಾಗುವ ತನಕ ಅದು ಅವರದ್ದು, ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಪುಟ ಮರೆಯಾಗುವ ಹೊತ್ತಿಗೆ, ಅಂದರೆ ‘ವಿಸಿಬಿಲಿಟಿಚೇಂಜ್’ನಲ್ಲಿ, ಪುಟ ಮುಚ್ಚುತ್ತಿದ್ದರೂ ಮಾಹಿತಿ ಕಳಿಸಬಲ್ಲ ಸೆಂಡ್‌ಬೀಕನ್ ಮೂಲಕ ದಾಖಲೆ ಸರ್ವರ್‌ಗೆ ಹೋಗುತ್ತಿತ್ತು. ಪುಟ ಮುಚ್ಚುವಾಗ ಬರಬೇಕಾದ ‘ಅನ್‌ಲೋಡ್’ ಈವೆಂಟನ್ನು ಮೊಬೈಲ್‌ನಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಹೆಚ್ಚಿನ ತಪ್ಪುಗಳು ಹೆಸರಿನ ಕಾಲಂನಲ್ಲೇ ಇದ್ದವು, ಅದೂ ಪ್ಯಾಟರ್ನ್‌ಗೆ, ಅಂದರೆ ಕಾಲಂನಲ್ಲಿ ಯಾವ ಅಕ್ಷರಗಳು ಬರಬಹುದು ಎಂದು ನಾನು ಬರೆದಿಟ್ಟ ನಿಯಮಕ್ಕೆ, ಹೊಂದದ ತಪ್ಪು. ಬರೆದದ್ದು ನನ್ನ ಬಳಿ ಇರಲಿಲ್ಲವಲ್ಲ, ನಾನೇ ಒಂದೊಂದು ಹೆಸರು ಟೈಪ್ ಮಾಡುತ್ತ ಕೂತೆ. ‘ಕಮಲ’ ದಾಟಿತು. ‘ಗಗನ’ ದಾಟಿತು. ‘ಗೀತಾ’ ನಿಂತಿತು.

ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟು ವಿಂಗಡಿಸುವ ಯೂನಿಕೋಡ್‌ನ ‘ಅಕ್ಷರ’ ವರ್ಗ ಒಂದನ್ನೇ ಪ್ಯಾಟರ್ನ್‌ನಲ್ಲಿ ಹಾಕಿದ್ದೆ. ಕನ್ನಡದ ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ಬರೆಯಲು ಬೇಕಾದ ಹಲಂತ, ಇವು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ‘ಗುರುತು’ ಎಂಬ ಬೇರೆ ವರ್ಗ. ಗುಣಿತವಾಗಲಿ ಒತ್ತಾಗಲಿ ಇಲ್ಲದ ಹೆಸರು ಮಾತ್ರ ಪಾಸಾಗುತ್ತಿತ್ತು, ಮೊದಲ ಸಲ ಪರೀಕ್ಷಿಸಿದಾಗ ನಾನು ಬರೆದದ್ದೂ ‘ಕಮಲ’ ಎಂದೇ. ಗುರುತುಗಳ ವರ್ಗ ಸೇರಿಸಿದೆ. ಆಮೇಲೂ ಕೆಲವು ಹೆಸರುಗಳು ನಿಂತವು: ಅಕ್ಷರಗಳು ಒತ್ತಾಗದಂತೆ ನಡುವೆ ಕೂರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತ ಈ ಎರಡೂ ವರ್ಗಗಳಲ್ಲಿಲ್ಲ. ಅದನ್ನೂ ಸೇರಿಸಬೇಕಾಯಿತು.

‘ಸರಿಯಾದ ಹೆಸರು ಬರೆಯಿರಿ’ ಎಂಬ ಸಂದೇಶವನ್ನೂ ತೆಗೆದೆ. ತಮ್ಮ ಹೆಸರನ್ನೇ ಬರೆದವರಿಗೆ ನಾನು ಹಾಗೆ ಹೇಳಿದ್ದೆ ಎಂಬುದು ಇವತ್ತಿಗೂ ಚುಚ್ಚುತ್ತದೆ. ಹೊಸ ಸಂದೇಶ ಸೆಟ್‌ಕಸ್ಟಮ್‌ವ್ಯಾಲಿಡಿಟಿಯಿಂದ, ಅಂದರೆ ಕಾಲಂಗೆ ನಮ್ಮದೇ ತಪ್ಪಿನ ಸಂದೇಶ ಹಾಕುವ ಆಜ್ಞೆಯಿಂದ, ಬರುತ್ತದೆ. ಸಂದೇಶ ಇರುವ ತನಕ ಬ್ರೌಸರ್ ಆ ಕಾಲಂ ತಪ್ಪೆಂದೇ ಎಣಿಸುತ್ತದೆ. ಟೈಪ್ ಮಾಡುತ್ತಿದ್ದಂತೆ ಅದನ್ನು ಖಾಲಿ ಮಾಡದಿದ್ದರೆ ತಿದ್ದಿದ ಮೇಲೂ ಫಾರ್ಮ್ ಹೋಗುವುದಿಲ್ಲ.

ಇಷ್ಟಾದ ಮೇಲೆ ‘ಗೀತಾ’ ಬ್ರೌಸರ್ ದಾಟಿ ಸರ್ವರ್‌ನಲ್ಲಿ ಸಿಕ್ಕಿಬಿದ್ದಿತು. ಬ್ರೌಸರ್‌ನ ಪರಿಶೀಲನೆಯನ್ನು ಯಾರು ಬೇಕಾದರೂ ತಪ್ಪಿಸಬಹುದೆಂದು ಅಲ್ಲೂ ಪರಿಶೀಲನೆ ಇಟ್ಟಿದ್ದೆ, ಅದೇ ಹಳೆಯ ಪ್ಯಾಟರ್ನ್‌ನೊಂದಿಗೆ. ಅದನ್ನೂ ಅಂದೇ ತಿದ್ದಿದೆ.