ಕಾನ್, ಲ್ಯಾಗ್, ಲೈಫರ್: ಎಲ್ಲಕ್ಕೂ ‘ಕೈದಿ’ ಎಂದರೆ ಸಾಲದು

ಇಂಗ್ಲಿಷ್ ಅಪರಾಧ ಕಥೆಗಳನ್ನು ಕನ್ನಡಕ್ಕೆ ತರುವಾಗ ಕಾನೂನಿನ ಪದಗಳಿಗಿಂತ ಹೆಚ್ಚು ಕೈಕೊಡುವುದು ಜೈಲಿನ ಆಡುಮಾತು. ಕಾನ್, ಲ್ಯಾಗ್, ಜೈಲ್‌ಬರ್ಡ್, ಇನ್‌ಮೇಟ್ ಎಲ್ಲಕ್ಕೂ ‘ಕೈದಿ’ ಎಂದು ಬರೆದರೆ ವಾಕ್ಯವೇನೋ ಸರಿಯೇ ಇರುತ್ತದೆ, ಆಡಿದವನ ದನಿ ಹೋಗಿಬಿಡುತ್ತದೆ. ಅದಕ್ಕೇ ಪದ ಹುಡುಕುವ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳುತ್ತೇನೆ: ಮಾತಾಡುತ್ತಿರುವವನು ಕೈದಿಯೋ, ವಾರ್ಡರೋ, ಹೊರಗಿನವನೋ, ಕಥೆ ಬ್ರಿಟನ್ನಿನದೋ, ಅಮೆರಿಕದ್ದೋ, ಆಸ್ಟ್ರೇಲಿಯಾದ್ದೋ, ಆ ವ್ಯಕ್ತಿಗೆ ಶಿಕ್ಷೆಯಾಗಿದೆಯೋ ಇಲ್ಲವೋ.

ಮೂರನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ. ಕಾನ್ ಎಂಬುದು ‘ಕನ್ವಿಕ್ಟ್’ನ ಮೊಟಕು ರೂಪ, ಅಪರಾಧ ಸಾಬೀತಾದವನಿಗೆ ಮಾತ್ರ ಸಲ್ಲುತ್ತದೆ. ನಿರೂಪಣೆಯಲ್ಲಿ ‘ಸಜಾಬಂಧಿ’ ಸರಿ, ಸಂಭಾಷಣೆಯಲ್ಲಿ ‘ಕೈದಿ’ ಸಾಕು. ವಿಚಾರಣೆಗೆ ಕಾದು ಕೂತವನನ್ನು ಸಜಾಬಂಧಿ ಎಂದುಬಿಟ್ಟರೆ ಕಥೆಯ ತೀರ್ಪನ್ನು ಅನುವಾದಕನೇ ಕೊಟ್ಟಂತಾಯಿತು. ಅಮೆರಿಕದಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ: ವಿಚಾರಣೆಯವರೂ ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯವರೂ ಸ್ಥಳೀಯ ಜೈಲಿನಲ್ಲಿರುತ್ತಾರೆ, ದೀರ್ಘ ಶಿಕ್ಷೆಯವರು ಪ್ರಿಸನ್‌ನಲ್ಲಿ. ಕನ್ನಡದ ‘ಜೈಲು’ ಎರಡನ್ನೂ ನುಂಗುತ್ತದೆ. ವ್ಯತ್ಯಾಸ ಮುಖ್ಯವಾದ ಕಡೆ ಮೊದಲನೆಯದಕ್ಕೆ ಜೈಲು, ಎರಡನೆಯದಕ್ಕೆ ಸೆರೆಮನೆ ಎಂದು ಪುಸ್ತಕದುದ್ದಕ್ಕೂ ಒಂದೇ ನಿಯಮ ಇಟ್ಟುಕೊಳ್ಳುತ್ತೇನೆ. ಇನ್ನು ‘ಕಾನ್ ಮ್ಯಾನ್’ನ ಕಾನ್ ಬೇರೆಯೇ. ಅದು ‘ಕಾನ್ಫಿಡೆನ್ಸ್’ನಿಂದ ಬಂದದ್ದು: ನಂಬಿಸಿ ಟೋಪಿ ಹಾಕುವವನು. ಅವನು ಜೈಲು ಕಂಡಿರಲೇಬೇಕೆಂದಿಲ್ಲ. ‘ಎಕ್ಸ್-ಕಾನ್’ ಮಾತ್ರ ಕಂಡವನೇ; ‘ಒಳಗೆ ಹೋಗಿ ಬಂದವನು’ ಎಂದರೆ ಕನ್ನಡದಲ್ಲಿ ಬೇರೆ ವಿವರಣೆ ಬೇಡ.

ಲ್ಯಾಗ್ ಬ್ರಿಟಿಷರ ಮಾತು. ‘ತಡವಾಗು’ ಎಂಬ ಅರ್ಥದ ಲ್ಯಾಗ್ ತಲೆಯಲ್ಲಿದ್ದರೆ ಇಲ್ಲಿ ದಾರಿ ತಪ್ಪುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದ ಕಳ್ಳರ ಭಾಷೆಯಲ್ಲಿ ಲ್ಯಾಗ್ ಎಂದರೆ ಗಡಿಪಾರಿನ ಶಿಕ್ಷೆಯಾದವನು. 1788ರಿಂದ 1868ರವರೆಗೆ ಬ್ರಿಟನ್ ತನ್ನ ಅಪರಾಧಿಗಳನ್ನು ಹಡಗು ತುಂಬಿ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿತ್ತು. ಆ ಕಾಲದ ಕಥೆಯಾದರೆ ‘ಗಡಿಪಾರಾದವನು’ ಎನ್ನಬೇಕು. ಇಂದಿನ ‘ಓಲ್ಡ್ ಲ್ಯಾಗ್’ ಮತ್ತೆ ಮತ್ತೆ ಒಳಗೆ ಹೋಗುವವನು. ‘ಹಳೆಯ ಕೈದಿ’ ಎಂದರೆ ಮುದುಕನೋ ಮಾಜಿಯೋ ಎಂಬ ಅನುಮಾನ ಬರುತ್ತದೆ. ‘ಜೈಲನ್ನು ಅರೆದು ಕುಡಿದವನು’ ಹೊಂದುತ್ತದೆ. ಜಾಗ ಕಡಿಮೆಯಿದ್ದರೆ ‘ಹಳೇ ಹುಲಿ’.

ಹಕ್ಕಿಗಳ ಗೊಂದಲವೂ ಉಂಟು. ಜೈಲ್‌ಬರ್ಡ್‌ನ ಹಕ್ಕಿ ಪಂಜರದ್ದು. ಹದಿನೇಳನೇ ಶತಮಾನದಷ್ಟು ಹಳೆಯ ಮಾತು. ಹೊರಗಿನವರು ತಾತ್ಸಾರದಿಂದ ಆಡುವುದು, ಕೈದಿ ತನ್ನನ್ನೇ ಹಾಗೆ ಕರೆದುಕೊಂಡರೆ ವ್ಯಂಗ್ಯ. ಬ್ರಿಟಿಷರ ‘ಡೂಯಿಂಗ್ ಬರ್ಡ್’ನಲ್ಲಿ ಹಕ್ಕಿಯೇ ಇಲ್ಲ. ಹಕ್ಕಿ ಹಿಡಿಯುವ ಅಂಟಿಗೆ ಬರ್ಡ್‌ಲೈಮ್ ಎನ್ನುತ್ತಾರೆ, ಅದು ‘ಟೈಮ್’ಗೆ, ಅಂದರೆ ಜೈಲಿನಲ್ಲಿ ಕಳೆಯುವ ಶಿಕ್ಷೆಯ ಅವಧಿಗೆ, ಪ್ರಾಸ, ಆಮೇಲೆ ಪ್ರಾಸದ ಬಾಲ ಉದುರಿ ಬರ್ಡ್ ಉಳಿಯಿತು. ‘ಕಂಬಿ ಎಣಿಸುತ್ತಿದ್ದಾನೆ’ ಎಂದರೆ ಮುಗಿಯಿತು. ಅಮೆರಿಕದ ಯಾರ್ಡ್‌ಬರ್ಡ್ ಕೈದಿಯೂ ಆಗಬಹುದು, ದಕ್ಷಿಣದ ರಾಜ್ಯಗಳಲ್ಲಿ ಬರೀ ಕೋಳಿಯೂ ಆಗಬಹುದು. ಹಿಂದಿನ ವಾಕ್ಯದಲ್ಲಿ ಬಾಣಲೆ ಇದೆಯೇ ನೋಡಿ.

ಅತ್ಯಂತ ಅಪಾಯದ ಪದ ಟ್ರಸ್ಟಿ. ಕನ್ನಡದ ಕಿವಿಗೆ ಅದು ಟ್ರಸ್ಟಿನ ಸದಸ್ಯ, ಧರ್ಮದರ್ಶಿ. ಜೈಲಿನ ಟ್ರಸ್ಟಿಯ ಕಾಗುಣಿತ ಇಂಗ್ಲಿಷಿನಲ್ಲೇ ಬೇರೆ. ಅವನು ಅಧಿಕಾರಿಗಳ ವಿಶ್ವಾಸ ಗಳಿಸಿ ಹೆಚ್ಚುವರಿ ಕೆಲಸ, ಸವಲತ್ತು ಪಡೆದ ಕೈದಿ. ಮಿಸಿಸಿಪ್ಪಿಯ ಪಾರ್ಚ್‌ಮನ್ ಸೆರೆಮನೆಯಲ್ಲಂತೂ ಟ್ರಸ್ಟಿಗಳ ಕೈಗೆ ಬಂದೂಕು ಕೊಟ್ಟು ಉಳಿದವರನ್ನು ಕಾಯಲು ಬಿಡುತ್ತಿದ್ದರು. ಗೇಟ್ಸ್ ವಿರುದ್ಧ ಕೊಲಿಯರ್ ಪ್ರಕರಣದಲ್ಲಿ ನ್ಯಾಯಾಲಯ ಅದಕ್ಕೆ ಅಂತ್ಯ ಹಾಡಿತು, 1974ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಾಗಾಗಿ ‘ನಂಬಿಗಸ್ತ ಕೈದಿ’ ಎಂಬ ಸಾಧು ಪದ ಎಲ್ಲ ಕಡೆ ಒಗ್ಗದು. ಸಹಕೈದಿಗಳ ಬಾಯಲ್ಲಿ ‘ಸಾಹೇಬರ ಕೈಯಾಳು’ ಎಂದು ಬರೆಯುತ್ತೇನೆ.

ಫಿಶ್ ಎಂದರೆ ಹೊಸದಾಗಿ ಬಂದವನು. ‘ಮೀನು’ ಎಂದು ಉಳಿಸಿದರೆ ಬಲೆಗೆ ಬಿದ್ದವನು ಎಂಬ ಬೇರೆ ಅರ್ಥ ಹೊರಡುತ್ತದೆ, ‘ಹೊಸಬ’ ಸಾಕು. ಸ್ಕ್ರೂ ಕೈದಿಯೇ ಅಲ್ಲ, ವಾರ್ಡರ್.

ಬದಲಿ ಹುಡುಕುವ ಹುಮ್ಮಸ್ಸಿನಲ್ಲಿ ‘ಶ್ರೀಕೃಷ್ಣ ಜನ್ಮಸ್ಥಾನ’ವನ್ನು ಲಂಡನ್ನಿನ ಕಳ್ಳನ ಬಾಯಿಗೆ ತುರುಕಬೇಡಿ. ಮಾತು ಸೊಗಸಾಗಿಯೇ ಇದೆ, ಆದರೆ ಓದುಗ ಮಥುರೆಗೆ ಹೋಗಿಬಿಡುತ್ತಾನೆ.

ಕೊನೆಗೆ ಲಿಂಗ. ಲೈಫರ್, ಅಂದರೆ ಜೀವಾವಧಿ ಶಿಕ್ಷೆಯ ಕೈದಿ, ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಕನ್ನಡದ ಕ್ರಿಯಾಪದ ಸುಮ್ಮನಿರುವುದಿಲ್ಲ. ಮೂಲ ಕೃತಿ ಗುಟ್ಟು ಕಾಯ್ದುಕೊಂಡಿದ್ದರೆ ‘ಜೀವಾವಧಿಯವನು’, ‘ಜೀವಾವಧಿಯವಳು’ ಎರಡನ್ನೂ ಬಿಟ್ಟು ‘ಜೀವಾವಧಿ ಕೈದಿಯೊಬ್ಬರು’ ಎಂದು ಬಹುವಚನದಲ್ಲಿ ಸಾಗಿಸುತ್ತೇನೆ. ಜೈಲಿನ ಒರಟು ಮಾತಿಗೆ ಆ ಮರ್ಯಾದೆ ಹೆಚ್ಚೇ, ಆದರೂ ಗುಟ್ಟು ಒಡೆಯುವ ಪುಟದವರೆಗೆ ಸಹಿಸಿಕೊಳ್ಳಬಹುದು.