ಮರದ ಹುಡಿಯಿಂದ ಎಥೆನಾಲ್: ಆಗುತ್ತದೆ, ಆದರೆ ಗಿಟ್ಟುವುದಿಲ್ಲ

ಕಾರ್ಕಳದ ಕಡೆ ಮರದ ಮಿಲ್ಲು ಇಟ್ಟಿರುವ ನನ್ನ ಭಾವನದ್ದು ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್, ಅಂದರೆ ಎಥೆನಾಲ್ ಬಗ್ಗೆ ಒಂದೇ ರಾಗ. "ಕಬ್ಬಿನಿಂದ ಆಗ್ತದೆ, ಜೋಳದಿಂದ ಆಗ್ತದೆ, ನನ್ನ ಹುಡಿಯಿಂದ ಯಾಕೆ ಆಗುದಿಲ್ಲ ಮಾರಾಯ?"

ಆಗುತ್ತದೆ. ಮಂಗಳೂರಿನಲ್ಲಿ ನಾನಿರುವ ಕಾಲೇಜು ಲ್ಯಾಬಿನಲ್ಲಿ ಅವನದೇ ಹುಡಿ ತಂದು ಮಾಡಿ ನೋಡಿದೆ. (ಮನೆಯಲ್ಲಿ ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಬಟ್ಟಿ ಇಳಿಸಿದರೆ, ಗಾಡಿಗೆ ಹಾಕಲಿಕ್ಕೆ ಅಂದರೂ ಅಬಕಾರಿಯವರು ಬಿಡುವುದಿಲ್ಲ.)

ಎಥೆನಾಲ್ ಮಾಡುವುದು ಯೀಸ್ಟ್, ಅದಕ್ಕೆ ಬೇಕಾದದ್ದು ಸಕ್ಕರೆ. ಮರದಲ್ಲಿ ಸಕ್ಕರೆ ಇದೆ, ಆದರೆ ಬಿಗಿಯಾಗಿ ಕಟ್ಟಿಟ್ಟ ಹಾಗೆ. ಒಣ ಮರದಲ್ಲಿ ಸುಮಾರು ನೂರಕ್ಕೆ 40-45 ಸೆಲ್ಯುಲೋಸ್ (ಗ್ಲೂಕೋಸ್ ಸಕ್ಕರೆಯ ಉದ್ದ ಸರಪಳಿ), ಉಳಿದದ್ದರಲ್ಲಿ ಹೆಚ್ಚಿನದು ಹೆಮಿಸೆಲ್ಯುಲೋಸ್ (ಬೇರೆ ಸಕ್ಕರೆಗಳೂ ಸೇರಿದ ಸರಪಳಿ) ಮತ್ತು ಲಿಗ್ನಿನ್ (ಇವನ್ನೆಲ್ಲ ಅಂಟಿಸಿಡುವ ವಸ್ತು). ಲಿಗ್ನಿನ್‌ನಿಂದ ಒಂದು ಹನಿ ಎಥೆನಾಲೂ ಬರುವುದಿಲ್ಲ.

ಮೊದಲು ಹುಡಿಯನ್ನು ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ನೆನೆಸಿ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಬೇಯಿಸಿದೆ. ಕಂದು ಬಣ್ಣದ ನೀರು, ಬಾದಾಮಿಯಂಥ ವಾಸನೆ. ಆ ವಾಸನೆ, ಬೇಯಿಸುವಾಗ ಸಕ್ಕರೆ ಕೆಟ್ಟು ಹುಟ್ಟುವ ಫರ್ಫ್ಯುರಲ್‌ನದ್ದು, ಅದು ಜಾಸ್ತಿಯಾದರೆ ಯೀಸ್ಟ್ ಏಳುವುದೇ ಇಲ್ಲ. ಸುಣ್ಣ ಹಾಕಿ ಆಸಿಡ್ ಮುರಿದರೆ ಅಡಿಯಲ್ಲಿ ಜಿಪ್ಸಮ್ ಕೂರುತ್ತದೆ, ಅದನ್ನು ಸೋಸಬೇಕು. ಇಷ್ಟೆಲ್ಲ ಮಾಡಿದರೂ ಆ ನೀರಿನಲ್ಲಿ ಇರುವುದು ಹೆಚ್ಚಾಗಿ ಹೆಮಿಸೆಲ್ಯುಲೋಸಿನಿಂದ ಬಿಟ್ಟ ಕ್ಸೈಲೋಸ್ ಎಂಬ ಸಕ್ಕರೆ, ಬೇಕರಿ ಯೀಸ್ಟ್ ಅದನ್ನು ಮುಟ್ಟುವುದಿಲ್ಲ! ಸೆಲ್ಯುಲೋಸ್ ಇನ್ನೂ ಬೆಂದ ಹುಡಿಯ ಹಿಂಡಿಯಲ್ಲೇ ಇದೆ. ಅದಕ್ಕೆ, ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಎಂಜೈಮ್ ಹಾಕಿ 50 ಡಿಗ್ರಿಯಲ್ಲಿ ದಿನಗಟ್ಟಲೆ ಇಡಬೇಕು, ಆಮೇಲೆ ಯೀಸ್ಟ್. ಎಂಜೈಮಿನ ಬಿಲ್ಲು ನೋಡಿದಾಗಲೇ ಅರ್ಧ ಉತ್ಸಾಹ ಇಳಿದಿತ್ತು.

ಹುಳಿ ಬಂದ ನೀರಿನಲ್ಲಿ ಎಥೆನಾಲ್ ನೂರಕ್ಕೆ ಎರಡರ ಆಸುಪಾಸು. ಅಂದರೆ ಉಳಿದ 98 ಭಾಗವನ್ನೂ ಸುಮ್ನೆ ಬಿಸಿ ಮಾಡುತ್ತಾ ಕೂರಬೇಕು. ಎಷ್ಟೇ ಬಟ್ಟಿ ಇಳಿಸಿದರೂ ಎಥೆನಾಲ್ ನೂರಕ್ಕೆ 95-96ರ ಹತ್ತಿರ ನಿಲ್ಲುತ್ತದೆ. ಪೆಟ್ರೋಲಿಗೆ ಬೆರೆಸಬೇಕಾದರೆ ಉಳಿದ ನೀರನ್ನು, ನೀರು ಹೀರುವ ಗುಳಿಗೆಗಳಾದ ಮಾಲಿಕ್ಯುಲರ್ ಸೀವ್‌ನಲ್ಲಿ ತೆಗೆಯಬೇಕು. ನಮ್ಮ ಕರಾವಳಿ ಗಾಳಿಯಲ್ಲಿ ಮುಚ್ಚಳ ತೆರೆದಿಟ್ಟರೆ ಎಥೆನಾಲ್ ಮತ್ತೆ ನೀರು ಎಳೆದುಕೊಳ್ಳುತ್ತದೆ, ಅದು ಬೇರೆ.

ಭಾವನಿಗೆ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಇದು. 100 ಕಿಲೋ ಒಣ ಹುಡಿಯ ಸೆಲ್ಯುಲೋಸ್ ಪೂರ್ತಿ ಎಥೆನಾಲ್ ಆದರೂ ಸಿಗುವುದು ಸುಮಾರು 30 ಲೀಟರ್. ಅದರಲ್ಲಿರುವ ಶಕ್ತಿ ಹೆಚ್ಚುಕಡಿಮೆ 640 ಮೆಗಾಜೂಲ್. ಅದೇ ಹುಡಿಯನ್ನು ನೇರವಾಗಿ ಉರಿಸಿದರೆ 1,700-1,800. ಪೂರ್ತಿ ಇಳುವರಿ ಯಾರಿಗೂ ಸಿಗುವುದಿಲ್ಲ, ಬಟ್ಟಿಗೆ ಬೇಕಾದ ಸೌದೆಯನ್ನಂತೂ ನಾನು ಇದರಲ್ಲಿ ಸೇರಿಸಿಯೇ ಇಲ್ಲ. ಮಳೆಗಾಲದ ಹುಡಿಯಾದರೆ ತೂಕದಲ್ಲಿ ಅರ್ಧ ನೀರೇ ಇರುತ್ತದೆ.

ಹಾಗಾದರೆ ದೊಡ್ಡವರು ಹೇಗೆ ಮಾಡುತ್ತಾರೆ? ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರು 2022ರಲ್ಲಿ ಶುರು ಮಾಡಿದ ಘಟಕಕ್ಕೆ ಭತ್ತದ ಹುಲ್ಲು ಬೇಕು, ವರ್ಷಕ್ಕೆ 2 ಲಕ್ಷ ಟನ್. ಅಸ್ಸಾಂನ ನುಮಾಲಿಗಢದಲ್ಲಿ ಬಿದಿರಿನಿಂದ ಮಾಡುವಾಗ ಫರ್ಫ್ಯುರಲ್ ಮತ್ತು ಅಸಿಟಿಕ್ ಆಸಿಡ್ಡನ್ನೂ ಮಾರುವ ಲೆಕ್ಕ ಹಾಕಿದ್ದಾರೆ. ಆ ಗಾತ್ರ ಇದ್ದರೆ ಮಾತ್ರ ಇದರ ಮಾತು. ಮಿಲ್ಲಿನ ಹುಡಿ ಬಾಯ್ಲರಿಗೆ ಹೋಗುವುದೇ ಲಾಭ.

ಎಥೆನಾಲೇ ಬೇಕು ಅಂತ ಹಟ ಇದ್ದವರು ಗೇರುಹಣ್ಣು ನೋಡಬಹುದು. ರಸದಲ್ಲಿ ನೂರಕ್ಕೆ ಹತ್ತರಷ್ಟು ಸಕ್ಕರೆ ತಯಾರಾಗಿಯೇ ಇರುತ್ತದೆ, ಆಸಿಡ್ ಬೇಡ, ಎಂಜೈಮ್ ಬೇಡ. ಬೀಜ ತೆಗೆದ ಮೇಲೆ ಹಣ್ಣು ಗುಡ್ಡೆಯಲ್ಲೇ ಕೊಳೆಯುತ್ತದೆ, ಅಲ್ವಾ? ತೊಂದರೆ ಏನಂದರೆ ಸೀಸನ್ ಎರಡು-ಮೂರು ತಿಂಗಳು ಮಾತ್ರ, ಕೊಯ್ದ ಹಣ್ಣು ಮರುದಿನಕ್ಕೇ ಹಾಳು. ಲೈಸೆನ್ಸ್ ಅದಕ್ಕೂ ಬೇಕು.