ಅಂಗಳದ ಕೊಳ: ಜೂನ್ ಮಳೆಯನ್ನು ಲೆಕ್ಕಕ್ಕೆ ಹಿಡಿದು ಮಾಡಿಸುವ ಕ್ರಮ

ಸಿರಸಿ, ಯಲ್ಲಾಪುರ, ಕಾರವಾರದ ಕಡೆ ಅಂಗಳದ ಕೊಳ ಹಾಳಾಗುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮೇಲಿಂದ ಸುರಿಯುವ ನೀರನ್ನು ಹೇಗಾದರೂ ಹೊರಬಿಡಬಹುದು. ಅಡಿಯಿಂದ ಏಳುವ ಒರತೆಯದ್ದೇ ತಾಪತ್ರಯ. ನೀರು ಇಂಗದಂತೆ ತಳಕ್ಕೆ ಹಾಸುವ ಹಾಳೆಯ ಕೆಳಗೆ ಒರತೆ ತುಂಬಿದರೆ ಹಾಳೆ ಉಬ್ಬಿ ಮೇಲೇಳುತ್ತದೆ, ನೈದಿಲೆಯ ಕುಂಡಗಳು ಮಗುಚುತ್ತವೆ, ಅಂಚಿನ ಕಲ್ಲು ಜಾರುತ್ತದೆ.

ಹಾಗಾಗಿ ಗುತ್ತಿಗೆದಾರರನ್ನು ಕರೆಸುವ ಮೊದಲು, ಜುಲೈ ಕೊನೆಯಲ್ಲಿ ನಿಮ್ಮ ಬಾವಿಯ ನೀರು ನೆಲಮಟ್ಟದಿಂದ ಎಷ್ಟು ಕೆಳಗಿರುತ್ತದೆ ಎಂದು ಗೊತ್ತು ಮಾಡಿಕೊಳ್ಳಿ. ಬಾವಿಗಿಂತ ಕೊಳದ ಜಾಗ ತಗ್ಗಿನಲ್ಲಿದ್ದರೆ ಆ ವ್ಯತ್ಯಾಸವನ್ನು ಕಳೆಯಬೇಕು. ನೀರು ಐದಡಿಗಿಂತ ಆಳದಲ್ಲಿದ್ದರೆ ಎರಡೂವರೆ ಅಡಿಯ ಕೊಳವನ್ನು ಪೂರ್ತಿ ತೋಡಬಹುದು. ಮೂರಡಿಯೊಳಗೆ ಬರುವುದಾದರೆ ತೋಡುವುದು ಒಂದಡಿ ಮಾತ್ರ. ಉಳಿದ ಆಳಕ್ಕೆ ಚಿರೆಕಲ್ಲಿನ ಗೋಡೆ ಎತ್ತರಿಸಿ. ಎರಡರ ನಡುವೆ ಇದ್ದರೆ, ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪನ್ನು ತಳದಡಿ ಜಲ್ಲಿಯಲ್ಲಿ ಹುಗಿದು ತಗ್ಗಿನ ಕಡೆಗೆ ಬಾಯಿ ಬಿಡಿಸಿ. ಒರತೆಯ ವಿಷಯ ಕೇಳದೆಯೇ ದರ ಹೇಳಿಬಿಡುವವರಿಗೆ ಕೆಲಸ ಒಪ್ಪಿಸದಿರುವುದು ವಾಸಿ.

ಜಾಗಕ್ಕೆ ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು, ಇಲ್ಲದಿದ್ದರೆ ನೈದಿಲೆ ಬರೀ ಎಲೆ ಬಿಡುತ್ತದೆ. ಮಾವು, ಹಲಸಿನ ಬುಡ ಬೇಡ. ಅಡಿಕೆ ತೋಟದ ಅಂಚಂತೂ ಬೇಡವೇ ಬೇಡ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ ಇರುತ್ತದೆ. ಅದರ ತಾಮ್ರ ಮೀನಿಗೂ ಬಸವನಹುಳುವಿಗೂ ವಿಷ. ಮಲೆನಾಡಿನ ಮೆದು ನೀರಿನಲ್ಲಿ ಗಡಸು ನೀರಿಗಿಂತ ಕಡಿಮೆ ತಾಮ್ರವೇ ಮೀನು ಸಾಯಲು ಸಾಕು. ತೋಟ ಹತ್ತಿರವಿದ್ದೇ ತೀರುವುದಾದರೆ ಕೊನೆಗೌಡ ಔಷಧಿ ಹೊಡೆಯುವ ದಿನ ಕೊಳಕ್ಕೆ ತಾಡಪತ್ರಿ ಮುಚ್ಚಿ. ತೋಟದಿಂದ ಹರಿದು ಬರುವ ನೀರಿಗೆ ಮೇಲ್ಬದಿಯಲ್ಲೇ ಬೇರೆ ಕಾಲುವೆ ಮಾಡಿ.

12 ಅಡಿ ಉದ್ದ, 10 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸುತ್ತ ಒಂದಡಿ ಅಗಲದ ಮೆಟ್ಟಿಲು, ನೀರಿನಿಂದ ಎಂಟು ಇಂಚು ಕೆಳಗೆ. ಅದರೊಳಗೆ ಒಂದೂವರೆ ಅಡಿ ಆಳದ ಇನ್ನೊಂದು ಮೆಟ್ಟಿಲು. ನಡುವೆ ಪೂರ್ತಿ ಆಳ. ಮೆಟ್ಟಿಲು ಕಳೆದು ಹಿಡಿಯುವ ನೀರು ಸುಮಾರು 5,500 ಲೀಟರ್. ಹಾಳೆಯ ಅಳತೆಗೆ ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟು ಸೇರಿಸಿ, ಮೇಲೆ ಎರಡೂ ಬದಿಗೆ ಒಂದೂವರೆ ಅಡಿ ಬಿಡಿ. ಇಲ್ಲಿ ಅದು 20 × 18 ಅಡಿ. ಕೃಷಿಹೊಂಡಕ್ಕೆ ಹಾಕುವ 500 ಮೈಕ್ರಾನಿನ ಎಚ್‌ಡಿಪಿಇ ಹಾಳೆ ಬಿರುಸು, ಮೆಟ್ಟಿಲಿನ ಮೂಲೆಗೆ ಮಡಚಿ ಕೂರುವುದಿಲ್ಲ. ಮೆಟ್ಟಿಲಿರುವ ಸಣ್ಣ ಕೊಳಕ್ಕೆ ಒಂದು ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಹಾಳೆ ಒಳ್ಳೆಯದು, ದುಬಾರಿಯಾದರೂ.

ತೋಡುವ ಕೆಲಸ ಫೆಬ್ರುವರಿ–ಏಪ್ರಿಲ್‌ನಲ್ಲಿ ಮುಗಿಯಲಿ. ಜೆಸಿಬಿ ದೊಡ್ಡ ಗುಂಡಿ ತೆಗೆಯಲಿ, ಮೆಟ್ಟಿಲುಗಳನ್ನು ಕೈಯಲ್ಲೇ ಕಡಿಸಿ. ಚಿರೆಮಣ್ಣಿನ ಹರಳುಗಳು ಚೂಪು. ಅದರ ಮೇಲೆ ಮರಳು ಹಾಸಿದರೆ ಇಳಿಜಾರಿನಲ್ಲಿ ನಿಲ್ಲದೆ ಜಾರುತ್ತದೆ. ಬದಲಿಗೆ ದಪ್ಪ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಹಾಳೆ. ಅಂಚಿನ ಮಟ್ಟವನ್ನು ಮೇಸ್ತ್ರಿಯ ನೀರು ತುಂಬಿದ ಲೆವೆಲ್ ಪೈಪಿನಿಂದ ಪ್ರತಿ ಮೂರಡಿಗೊಮ್ಮೆ ನೋಡಿಸಿ. ಒಂದು ಬದಿ ಎರಡಿಂಚು ಎತ್ತರವಾದರೂ ಅಲ್ಲಿ ಕಪ್ಪು ಹಾಳೆ ಸದಾ ಕಾಣುತ್ತಿರುತ್ತದೆ, ಕಲ್ಲು ಹಾಕಿ ಮುಚ್ಚುವುದು ಆಮೇಲೆ ಕಷ್ಟ. ಕೊಳದ ಅಂಚು ಸುತ್ತಲಿನ ಅಂಗಳಕ್ಕಿಂತ ನಾಲ್ಕರಿಂದ ಆರು ಇಂಚು ಎತ್ತರವಿದ್ದರೆ ಕೆಸರು ನೀರು ಒಳಗೆ ನುಗ್ಗುವುದಿಲ್ಲ.

ಹೊರಹರಿವಿಗೆ ಮೂರಿಂಚಿನ ಪೈಪು ಬೇಕು. 100 ಮಿಲಿಮೀಟರ್ ಮಳೆ ಬಿದ್ದರೆ ಈ ಕೊಳಕ್ಕೆ ನೇರವಾಗಿ ಬೀಳುವುದೇ ಸುಮಾರು 1,100 ಲೀಟರ್. ಪೈಪಿಗೆ ಇದೇನೂ ಭಾರವಲ್ಲ, ಬಾಯಿಗೆ ಎಲೆ ಕಟ್ಟುವುದೇ ತೊಂದರೆ. ಬುಟ್ಟಿಯಂತೆ ಉಬ್ಬಿದ ಜಾಲರಿ ಕೂರಿಸಿದರೆ ಚಪ್ಪಟೆ ಜಾಲರಿಯ ಹಾಗೆ ಒಂದೇ ಎಲೆಗೆ ಮುಚ್ಚಿಹೋಗುವುದಿಲ್ಲ.

ಕಾರವಾರ, ಅಂಕೋಲಾದ ಉಸುಕು ನೆಲದಲ್ಲಿ ನೇರ ಗೋಡೆ ನಿಲ್ಲದು. ಒಳಸುತ್ತು ಚಿರೆಕಲ್ಲು ಕಟ್ಟಿ, ಗಿಲಾವು ಮಾಡಿ, ಆಮೇಲೆ ಹಾಳೆ. ಕಾಳಿ, ಗಂಗಾವಳಿಯ ಅಳಿವೆ ಹತ್ತಿರದ ಬಾವಿಗಳು ಮೇ ತಿಂಗಳಲ್ಲಿ ಉಪ್ಪಾಗುವುದುಂಟು. ಬಾಯಿಗೆ ಉಪ್ಪು ತಾಗುವ ನೀರನ್ನು ಕೊಳಕ್ಕೆ ಬಿಡಬೇಡಿ, ಜೂನ್ ಮಳೆಯಿಂದಲೇ ತುಂಬಿಸಿ.

ಗುತ್ತಿಗೆಯ ಚೀಟಿಯಲ್ಲಿ ಹಾಳೆಯ ದಪ್ಪ, ತೆಗೆದ ಮಣ್ಣು ಸಾಗಿಸುವವರು ಯಾರು, ಸೋರಿಕೆ ಪರೀಕ್ಷೆ ಎಷ್ಟು ದಿನ ಎಂಬುದೆಲ್ಲ ಇರಲಿ. ಪರೀಕ್ಷೆ ಹೀಗೆ: ಅಂಚಿನವರೆಗೆ ತುಂಬಿಸಿ, ಕಲ್ಲಿಗೆ ಗುರುತು ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ನಾಲ್ಕು ದಿನದಲ್ಲಿ ಬಕೆಟಿನಷ್ಟೇ ಕೊಳವೂ ಇಳಿದಿದ್ದರೆ ಅದು ಬಿಸಿಲಿಗೆ ಆರಿದ ನೀರು. ಕೊಳ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ಕೊನೆಯ ಕಂತು ತಡೆದಿಡಿ. ಕಾರಂಜಿಗೆ ಪಂಪ್ ಗಂಟೆಗೆ 3,000 ಲೀಟರಿನದು ಸಾಕು, ನೀರು ಏರಬೇಕಾದ ಎತ್ತರಕ್ಕೆ ಅಷ್ಟು ಕೊಡುತ್ತದೆಯೇ ಎಂದು ಡಬ್ಬಿಯ ಮೇಲೆ ನೋಡಿ. ಅದರ ವೈರಿಂಗು ಎಲೆಕ್ಟ್ರಿಶಿಯನ್ನರದೇ ಕೆಲಸ. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕದೆ ಕೊಳದಲ್ಲಿ ಕೈ ಇಡಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಮೊದಲೇ ಮಾಡಿಸಿಕೊಳ್ಳಿ.

ನೆಡಲು ಗದ್ದೆಯ ಜೇಡಿಮಣ್ಣೇ ಸರಿ. ಗೊಬ್ಬರ, ಎಲೆಮಣ್ಣು ಬೆರೆಸಿದರೆ ಅದು ನೀರಿನಲ್ಲಿ ಕೊಳೆತು ಪಾಚಿಗೆ ಊಟವಾಗುತ್ತದೆ. ಈ ಅಳತೆಗೆ ಮೂರು ನೈದಿಲೆ ಸಾಕು. ಒಂದಡಿ ಅಗಲದ ಕುಂಡದಲ್ಲಿ ಗೆಡ್ಡೆಯನ್ನು ಓರೆಯಾಗಿಟ್ಟು, ಕುಡಿ ಮಣ್ಣಿನ ಹೊರಗೆ ಕಾಣುವಂತೆ ನೆಟ್ಟು, ಮೇಲೆ ಒಂದಿಂಚು ಸಣ್ಣ ಜಲ್ಲಿ ಹರಡಿ. ಮೊದಲು ಇಟ್ಟಿಗೆಯ ಮೇಲೆ ಕೂರಿಸಿ, ಕುಡಿಯ ಮೇಲೆ ಆರಿಂಚು ನೀರಿರಲಿ; ಎಲೆಗಳು ಮೇಲೆ ಬಂದು ಹರಡಿದ ಮೇಲೆ ಇಟ್ಟಿಗೆ ತೆಗೆದು ಒಂದಡಿಗೆ ಇಳಿಸಿ. ಕಾರಂಜಿಯ ನೀರು ಎಲೆಯ ಮೇಲೆ ಬೀಳಬಾರದು. ತಾವರೆ ಬೇಕಾದರೆ ತೂತಿಲ್ಲದ ಎರಡಡಿ ಟಬ್ಬಿನಲ್ಲೇ ನೆಡಿ. ಅದರ ಗೆಡ್ಡೆಯ ತುದಿ ಮುರಿದರೆ ಸಾಮಾನ್ಯವಾಗಿ ಚಿಗುರುವುದಿಲ್ಲ, ನರ್ಸರಿಯಿಂದ ತರುವಾಗಲೇ ನೋಡಿ ತನ್ನಿ. ಮೇಲಿನ ಮೆಟ್ಟಿಲಿಗೆ ಬಜೆ, ನೀರುಬ್ರಾಹ್ಮಿ. ಹೊರಹರಿವಿನ ಪೈಪು ಬಿಡುವ ಒದ್ದೆ ಜಾಗಕ್ಕೆ ಕೆಸು, ಒಂದೆಲಗ, ತಂಬುಳಿಗೂ ಆಯಿತು. ನೀರಿನೊಳಗೆ ಬೆಳೆಯುವ ಹೈಡ್ರಿಲ್ಲಾ ಅಥವಾ ವ್ಯಾಲಿಸ್ನೇರಿಯಾ ನಾಲ್ಕಾರು ಕಟ್ಟು ಇರಲೇಬೇಕು, ಪಾಚಿಯ ಪಾಲಿನ ಸಾರವನ್ನು ಅವು ಕಸಿದುಕೊಳ್ಳುತ್ತವೆ.

ಮೊದಲ ಮೂರು ನಾಲ್ಕು ವಾರ ನೀರು ಹಸಿರಾಗುವುದು ಸಹಜ. ಆಗ ನೀರು ಬದಲಿಸಿದರೆ ಮತ್ತೆ ಅದೇ ಸುತ್ತು ಶುರು. ಎಲೆಗಳು ಅರ್ಧ ಕೊಳ ಮುಚ್ಚಿದ ಮೇಲೆ ತಿಳಿಯಾಗುತ್ತದೆ. ಸೊಳ್ಳೆಮರಿಗೆ ವಾರ, ಹತ್ತು ದಿನ ಸಾಕಾದ್ದರಿಂದ ಹತ್ತು ಗಪ್ಪಿಗಳನ್ನು ಮೊದಲ ವಾರದ ಕೊನೆಗೇ ಬಿಡಿ, ಮಿಕ್ಕ ಮೀನು ತಿಂಗಳಾದ ಮೇಲೆ. ಕಪ್ಪೆಗಳು ಮೊದಲ ಮಳೆಗೆ ತಾವಾಗಿಯೇ ಬರುತ್ತವೆ.

ಮಳೆಗಾಲದಲ್ಲಿ ಯಾವ ಕಾರಣಕ್ಕೂ ಕೊಳ ಖಾಲಿ ಮಾಡಬೇಡಿ, ಒಳಗಿನ ನೀರಿನ ಭಾರವೇ ಹಾಳೆಯನ್ನು ಒತ್ತಿ ಹಿಡಿದಿರುವುದು. ಗೆಡ್ಡೆ ಒಡೆದು ಬೇರೆ ಮಾಡುವ ಕೆಲಸ ಬೇಸಿಗೆ ಶುರುವಿಗೆ. ಹೆಚ್ಚಾದ ಗಿಡ, ಗಪ್ಪಿಗಳನ್ನು ಹಳ್ಳಕ್ಕೋ ಊರ ಕೆರೆಗೋ ಬಿಡದೆ, ಗಿಡಗಳನ್ನು ಒಣಗಿಸಿ ಗೊಬ್ಬರಗುಂಡಿಗೆ ಹಾಕಿ, ಮೀನನ್ನು ಕೇಳಿದವರಿಗೆ ಕೊಡಿ. ಅಂತರಗಂಗೆಯನ್ನಂತೂ ತರಲೇಬೇಡಿ.